ಅವರು ನಿಮಗೆ ಏನಾಗಬೇಕು?

ಚಾಮರಾಜಪೇಟೆ, ಬೆಂಗಳೂರು
11 ಜನವರಿ 2025

ಪ್ರೀತಿಯ ಅಣ್ಣ,

ನಾನು ಕೋಕಿಲಾ. ಬದುಕಿದ್ದೇನೆ. ಹದಿನಾಲ್ಕು ವರ್ಷದ ಮೇಲೆ ಬರೆಯುವ ಮೊದಲ ಕಾಗದಕ್ಕೆ ಇದಕ್ಕಿಂತ ಚೆನ್ನಾದ ಸಾಲು ಬೇಕಿತ್ತು. ಕನ್ನಡ ಎಂ.ಎ. ಓದಿದವಳು ನಾಲ್ಕು ಹಾಳೆ ಹರಿದು ಹಾಕಿದ ಮೇಲೂ ಸಿಗಲಿಲ್ಲ.

ನಿನ್ನ ವಿಳಾಸ ಕೊಟ್ಟವರು ಬಸವನಗುಡಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ನಾಗಭೂಷಣ್. ಹೋದ ಭಾನುವಾರ ಗಾಂಧಿ ಬಜಾರಿನಲ್ಲಿ ಸೇವಂತಿಗೆ ಕೊಳ್ಳುತ್ತ ನಿಂತಿದ್ದರು. ನಾನೇ ಹೋಗಿ ಮಾತಾಡಿಸಿದೆ. ಅವರ ಕೈಯಿಂದ ಹೂವಿನ ಪೊಟ್ಟಣ ಜಾರಿಬಿತ್ತು. ‘ನೀನು... ನೀನು ಇದೀಯಾ?’ ಅಂದರು. ‘ಇದೀನಿ ಸಾರ್’ ಅಂದೆ. ನನ್ನನ್ನು ಕಂಡು ಅಷ್ಟು ಕಲಕಿಹೋದವರನ್ನು ನಾನು ಈಚೆಗೆ ನೋಡಿರಲಿಲ್ಲ. ನೀನು ಈಗ ಮೈಸೂರಿನಲ್ಲಿದ್ದೀಯ ಎಂದು ಹೇಳಿ, ವಿಳಾಸ ಬರೆದುಕೊಟ್ಟು, ಹೂವನ್ನೂ ಎತ್ತಿಕೊಳ್ಳದೆ ಹೊರಟುಬಿಟ್ಟರು. ಮೃದು ಮನಸ್ಸಿನವರು.

ಆ ಮಧ್ಯಾಹ್ನ ಮನೆ ಬಿಟ್ಟು ಹೋದ ಮೇಲಿನ ಹತ್ತು ವರ್ಷದ ಬಗ್ಗೆ ಬರೆಯುವುದಿಲ್ಲ. ಸ್ವಲ್ಪ ನನಗೆ ನೆನಪಿಲ್ಲ, ಸ್ವಲ್ಪ ನಿನಗೆ ಬೇಡ. ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಸೇರಿಸಿದರು. ಒಂದು ದಿನ ‘ಚೆನ್ನಾಗಿದ್ದೀರಿ, ಮನೆಗೆ ಹೋಗಬಹುದು’ ಎಂದರು. ಬಸವನಗುಡಿಯ ವಿಳಾಸಕ್ಕೆ ಅವರು ಬರೆದ ಕಾಗದ ವಾಪಸು ಬಂತು. ಚೆನ್ನಾಗಿದ್ದೂ ಎಂಟು ತಿಂಗಳು ಆಸ್ಪತ್ರೆಯಲ್ಲೇ ಇದ್ದೆ. ಆಮೇಲೆ ಒಂದು ಸಂಸ್ಥೆಯವರು ಇಲ್ಲಿಗೆ ಕರೆತಂದರು. ಮೂರು ವರ್ಷವಾಯಿತು.

ಇದು ಆಸ್ಪತ್ರೆಯಲ್ಲ, ಆಶ್ರಮವೂ ಅಲ್ಲ. ಬೀದಿಯ ಮನೆಗಳ ನಡುವೆ ಒಂದು ಮನೆಯ ಮೊದಲ ಮಹಡಿ. ನನ್ನಂಥ ಕಾಯಿಲೆಯಿದ್ದು ಹೋಗಲು ಜಾಗವಿಲ್ಲದ ನಾಲ್ವರು ಹೆಂಗಸರು ಇದ್ದೇವೆ. ಅಡುಗೆ ನಮ್ಮದೇ. ವಾಣಿ ಎಂಬ ಹುಡುಗಿ ಸಂಸ್ಥೆಯ ಪರವಾಗಿ ದಿನಾ ಬಂದು ಮಾತ್ರೆ, ತರಕಾರಿ, ಜಗಳ ಮೂರನ್ನೂ ವಿಚಾರಿಸಿ ಹೋಗುತ್ತಾಳೆ. ಬಾಗಿಲಿನ ಬೀಗದ ಕೈ ನಾಲ್ವರ ಹತ್ತಿರವೂ ಒಂದೊಂದಿದೆ. ಒಳಗಿನಿಂದ ಚಿಲಕ ಹಾಕಿಕೊಂಡು ಸ್ನಾನ ಮಾಡುವುದು ಎಂಥ ಸುಖ ಎಂದು ನಿನಗೆ ಗೊತ್ತಿರಲಾರದು.

ಫೋನ್ ಮಾಡಬೇಡ. ಫೋನಿನಲ್ಲಿ ಒಬ್ಬರ ಜೊತೆ ಮಾತಾಡಿದರೆ ಇಟ್ಟ ಮೇಲೆ ಬೇರೆಯವರು ಮುಂದುವರಿಸುತ್ತಾರೆ. ಮಾತ್ರೆ ನುಂಗಿದರೂ ಅದೊಂದು ಪೂರ್ತಿ ಹೋಗಿಲ್ಲ. ಕಾಗದದಲ್ಲಿ ಬರೆದವರು ಮಾತ್ರ ಮಾತಾಡುತ್ತಾರೆ.

ಏನೂ ಬೇಡ. ಅಮ್ಮ ಹೇಗಿದ್ದಾರೆ ಎಂದು ಬರೆ.

ನಿನ್ನ ತಂಗಿ
ಕೋಕಿಲಾ


ಮೈಸೂರು
24 ಫೆಬ್ರವರಿ 2025

ಚಿ. ಕೋಕಿಲಾಗೆ ಆಶೀರ್ವಾದಗಳು.

ಪತ್ರ ತಲುಪಿತು. ಉತ್ತರ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಕ್ಷೇಮವಾಗಿರುವುದು ಓದಿ ಸಂತೋಷವಾಯಿತು. ನಿನ್ನ ಅತ್ತಿಗೆಗೂ ಹೇಳಿದೆ.

ಅಮ್ಮ 2014ರ ಮಾಘದಲ್ಲಿ ಹೋದರು. ಬಹಳ ಕಷ್ಟಪಡಲಿಲ್ಲ.

ಬಸವನಗುಡಿ ಮನೆ ಈಗ ಇಲ್ಲ. 2017ರಲ್ಲಿ ಮಾರಿದೆವು. ಕೊಂಡವರು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ನೀನು ಆ ಕಡೆ ಹೋಗದಿರುವುದು ಒಳ್ಳೆಯದು. ಸುಮ್ಮನೆ ಮನಸ್ಸಿಗೆ ಬೇಜಾರು. ಹೋದರೂ ಅಲ್ಲಿ ಯಾರ ಹತ್ತಿರವೂ ಇಂಥವರ ಮಗಳು ಎಂದು ಹೇಳಿಕೊಳ್ಳಬೇಡ. ಜನ ಒಂದಕ್ಕೆರಡು ಮಾತಾಡುತ್ತಾರೆ.

ನಾನು ಬ್ಯಾಂಕಿನಿಂದ ನಿವೃತ್ತನಾಗಿ ಎರಡು ವರ್ಷವಾಯಿತು. ಬಿ.ಪಿ. ಇದೆ.

ನಾಗಭೂಷಣ್ ಬೇರೇನಾದರೂ ಹೇಳಿದರೇ? ಹೇಳಿದ್ದರೆ ಬರೆ. ಬರೆಯುವುದಾದರೆ ಮುಚ್ಚಿದ ಕವರಿನಲ್ಲೇ ಬರೆ. ಈ ಪತ್ರ ಓದಿದ ಮೇಲೆ ಹರಿದುಹಾಕು.

ವೇಳೆಗೆ ಸರಿಯಾಗಿ ಔಷಧಿ ತೆಗೆದುಕೋ.

ಇತಿ,
ಬದರೀನಾರಾಯಣ


ಚಾಮರಾಜಪೇಟೆ
2 ಮಾರ್ಚ್ 2025

ಪ್ರೀತಿಯ ಅಣ್ಣ,

ಅಮ್ಮನ ವಿಷಯ ಊಹಿಸಿದ್ದೆ. ಊಹಿಸಿದ್ದೆ ಎಂದು ಬರೆದರೂ ಎರಡು ದಿನ ಅನ್ನ ಸೇರಲಿಲ್ಲ. ಮಾಘದಲ್ಲಿ ನಾನು ಎಲ್ಲಿದ್ದೆ ಎಂದು ನೆನಪಿಸಿಕೊಳ್ಳಲು ಕೂತೆ. ಯಾವುದೋ ದೇವಸ್ಥಾನದ ಹಿಂದೆ ಪ್ರಸಾದದ ದೊನ್ನೆಗೆ ಸಾಲು ನಿಂತಿರಬೇಕು.

ಮನೆ ನೋಡಿದರೆ ನನಗೆ ಬೇಜಾರಾಗುತ್ತದೆ ಎಂದು ನೀನು ಯೋಚಿಸಿದ್ದು ಓದಿ ಹಾಯೆನಿಸಿತು. ಇಷ್ಟು ವರ್ಷ ನನ್ನ ಬೇಜಾರನ್ನು ಲೆಕ್ಕಕ್ಕೆ ತೆಗೆದುಕೊಂಡವರಿಲ್ಲ. ನಾಗಭೂಷಣ್ ಬೇರೇನೂ ಹೇಳಲಿಲ್ಲ. ನಿನ್ನ ಕಾಗದ ಮಾತ್ರ ಹರಿಯಲಾರೆ. ಹಾಸಿಗೆಯ ಕೆಳಗಿದೆ.

ನನಗೆ ಕೆಲಸವಿದೆ ಎಂದು ಹೋದ ಸಲ ಬರೆಯಲಿಲ್ಲ. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕರಡು ತಿದ್ದುತ್ತೇನೆ. ತಪ್ಪಿಲ್ಲದ ಕನ್ನಡ ಬರೆಯುವವರು ಸಿಗುವುದಿಲ್ಲ ಎಂದು ಮಾಲೀಕರು ಸತೀಶ್ ಇಟ್ಟುಕೊಂಡಿದ್ದಾರೆ. ವಧೂವರರ ಹೆಸರಿನಲ್ಲಿ ಯಾರೂ ತಪ್ಪು ಮಾಡುವುದಿಲ್ಲ. ಕೆಳಗೆ, ಸುಖಾಗಮನ ಬಯಸುವವರ ಪಟ್ಟಿಯಲ್ಲೇ ಎಲ್ಲ ರಾಮಾಯಣ. ಅಚ್ಚಿಗೆ ಹೋಗುವ ಹೊತ್ತಿಗೆ ಓಡಿಬರುತ್ತಾರೆ: ‘ಮೇಡಂ, ಚಿಕ್ಕಪ್ಪನ ಹೆಸ್ರು ತೆಗೀರಿ’, ‘ಮೇಡಂ, ಹಾಕ್ಬಿಡಿ, ಇಲ್ದಿದ್ರೆ ಮದ್ವೇಗೇ ಬರಲ್ಲ.’

ಈಗ ಒಂದು ಕೇಳಿಕೆ. ನಮ್ಮ ಮನೆಯ ಹನ್ನೊಂದು ತಿಂಗಳ ಕರಾರು ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಮನೆ ಮಾಲೀಕರು ದೊಡ್ಡಬೈರಪ್ಪನವರು ಈ ಸಲ ಹೊಸ ಷರತ್ತು ಹಾಕಿದ್ದಾರೆ. ಸಂಸ್ಥೆಯ ಸಹಿ ಸಾಲದು, ನಾಲ್ವರ ಮನೆಯಿಂದಲೂ ಒಬ್ಬೊಬ್ಬರು ಬಂದು ‘ಇವರ ಜವಾಬ್ದಾರಿ ನಮ್ಮದು’ ಎಂದು ಸಹಿ ಹಾಕಬೇಕಂತೆ. ಒಬ್ಬರದು ತಪ್ಪಿದರೂ ಕರಾರಿಲ್ಲ, ನಾಲ್ವರೂ ಖಾಲಿ ಮಾಡಬೇಕು. ನನ್ನ ಕೋಣೆಯಲ್ಲಿರುವ ತಿಮ್ಮಕ್ಕನ ತಮ್ಮನ ಮಗ ಮಾಗಡಿಯಿಂದ ಬಂದು ಆಗಲೇ ಹಾಕಿ ಹೋದ. ಇನ್ನಿಬ್ಬರದೂ ಆಗುತ್ತದೆ.

ನೀನು ಒಂದು ಸಲ ಬಂದುಹೋಗು. ಬೆಳಗಿನ ರೈಲಿಗೆ ಬಂದರೆ ಸಂಜೆ ವಾಪಸಾಗಬಹುದು.

ಕೋಕಿಲಾ


ಮೈಸೂರು
24 ಮಾರ್ಚ್ 2025

ಚಿ. ಕೋಕಿಲಾಗೆ ಆಶೀರ್ವಾದಗಳು.

ಪತ್ರ ಓದಿದೆ. ನಿನಗೆ ಕೆಲಸ ಸಿಕ್ಕಿರುವುದು ಬಹಳ ಸಂತೋಷ. ಅಮ್ಮ ಇದ್ದಿದ್ದರೆ ಹೆಮ್ಮೆಪಡುತ್ತಿದ್ದರು.

ಸಹಿಯ ವಿಷಯ. ಈಗ ಬರುವುದು ಕಷ್ಟ. ನಿನ್ನ ಅತ್ತಿಗೆಗೆ ಕಣ್ಣಿನ ಆಪರೇಷನ್ ಆಗಿದೆ. ನನ್ನ ಮಂಡಿಯೂ ಸರಿಯಿಲ್ಲ. ರೈಲಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಇಂಥ ಕಾಗದಗಳಿಗೆ ಸಂಸ್ಥೆಯವರೇ ಸಹಿ ಹಾಕುವುದು ಪದ್ಧತಿ. ಅವರಲ್ಲಿ ಕಾನೂನು ಗೊತ್ತಿದ್ದವರು ಇರುತ್ತಾರೆ, ಮಾಲೀಕರಿಗೆ ತಿಳಿಸಿ ಹೇಳಲಿ. ಅಥವಾ ಬೇರೆ ಮನೆ ನೋಡಲಿ. ಬೆಂಗಳೂರಿನಲ್ಲಿ ಮನೆಗೆ ಬರವೇ?

ಎರಡು ಕಾಟನ್ ಸೀರೆ, ಒಂದು ಹೊದಿಕೆ ಪಾರ್ಸಲ್ ಮಾಡಿದ್ದೇನೆ. ಚಟ್ನಿಪುಡಿಯನ್ನು ನಿನ್ನ ಅತ್ತಿಗೆಯೇ ಮಾಡಿದ್ದು.

ನನ್ನ ಪತ್ರ ಇಟ್ಟುಕೊಳ್ಳಬೇಡ ಎಂದಿದ್ದೆ.

ಇತಿ,
ಬದರೀನಾರಾಯಣ


ಚಾಮರಾಜಪೇಟೆ
1 ಏಪ್ರಿಲ್ 2025

ಅಣ್ಣ,

ಪಾರ್ಸಲ್ ಬಂತು. ಚಟ್ನಿಪುಡಿ ತಿಮ್ಮಕ್ಕನಿಗೆ ಹಿಡಿಸಿದೆ. ಕಣ್ಣಿನ ಆಪರೇಷನ್ ಆದವರು ಮೆಣಸಿನಕಾಯಿ ಹುರಿಯಬಾರದು ಎಂದು ಅತ್ತಿಗೆಗೆ ಹೇಳು.

ಯುಗಾದಿಯ ಮಾರನೇ ದಿನ ದೊಡ್ಡಬೈರಪ್ಪನವರು ಬಂದಿದ್ದರು. ಅವರು ಕೆಟ್ಟವರಲ್ಲ. ಅವರ ಇನ್ನೊಂದು ಮನೆಯಲ್ಲಿ ಬಾಡಿಗೆಗಿದ್ದ ಮುದುಕರೊಬ್ಬರು ಹೋದ ವರ್ಷ ತೀರಿಕೊಂಡಾಗ ಯಾರೂ ಬರಲಿಲ್ಲವಂತೆ. ಹೆಣ ಬಿಡಿಸಿಕೊಳ್ಳಲು ಇವರೇ ಎರಡು ದಿನ ಠಾಣೆಗೆ ಅಲೆದರಂತೆ. ವಾಣಿ ಕಾನೂನು ಹೇಳಿದಳು, ಸಂಸ್ಥೆಯ ರಿಜಿಸ್ಟ್ರೇಷನ್ ತೋರಿಸಿದಳು. ಅವರು ಕಾಫಿ ಲೋಟ ಕೆಳಗಿಟ್ಟು, ‘ನೋಡವ್ವಾ, ನಿಮ್ ಸಂಸ್ಥೆ ಇವತ್ ಐತೆ. ನಾಳೆ ಬೋರ್ಡ್ ಕಿತ್ಕೊಂಡ್ ಹೊಂಟ್ರೆ ಈ ನಾಕ್ ಜನಾನ ಯಾರ್ ಮನೆ ಬಾಗ್ಲಿಗ್ ಕರ್ಕೊಂಡ್ ಹೋಗ್ಲಿ ನಾನು?’ ಅಂದರು.

‘ಯಾರ್ ಮನೇಗೂ ಬ್ಯಾಡ ಕಣಪ್ಪ, ನಿಮ್ಮನೇಗೇ ಬತ್ತೀವಿ. ಮುದ್ದೆ ಮಾಡ್ತೀನಿ, ನುಂಗೀರಂತೆ’ ಅಂದಳು ತಿಮ್ಮಕ್ಕ. ಅವರೂ ನಕ್ಕರು. ನಕ್ಕು, ನನ್ನ ಕಡೆ ತಿರುಗಿ, ‘ನಿಮ್ದೊಂದೇ ಬಾಕಿ’ ಅಂದರು.

ಬೇರೆ ಮನೆ ನೋಡಲಿ ಎಂದು ಬರೆದಿದ್ದೀಯ. ಈ ಮನೆಗೆ ಮುಂಚೆ ವಾಣಿ ಹತ್ತೊಂಬತ್ತು ಮನೆ ನೋಡಿದ್ದಳು. ಯಾರಿಗೆ ಎಂದು ಹೇಳುವವರೆಗೆ ಎಲ್ಲ ಮನೆಗಳೂ ಖಾಲಿ ಇದ್ದವು.

ಹೊರಗಿನ ಬದುಕಿನ ಬಗ್ಗೆ ಬರೆಯುವುದಿಲ್ಲ ಎಂದಿದ್ದೆ. ಸ್ವಲ್ಪ ಬರೆಯುತ್ತೇನೆ. ಚಪ್ಪಲಿಯನ್ನು ತಲೆಯಡಿ ಇಟ್ಟುಕೊಂಡು ಮಲಗಬೇಕು. ನೀರು ಕಡಿಮೆ ಕುಡಿಯಬೇಕು, ಹಗಲು ಎಲ್ಲೂ ಕೂರಲು ಬಿಡುವುದಿಲ್ಲ. ಮಾತ್ರೆ ಸಿಗುವುದಿಲ್ಲ. ಮಾತ್ರೆ ನಿಂತ ಹತ್ತನೇ ದಿನಕ್ಕೆ ದನಿಗಳು ಬರುತ್ತವೆ. ಅವು ಬಂದ ಮೇಲೆ ನಾನು ಯಾರು ಕರೆದರೂ ಹೋಗುತ್ತೇನೆ ಅಣ್ಣ. ಹೋಗಿದ್ದೇನೆ.

ಇನ್ನೊಂದು ಸಲ ಹೊರಗೆ ಹೋದರೆ ವಾಪಸು ಬರುತ್ತೇನೆ ಎನ್ನುವ ಧೈರ್ಯ ನನಗಿಲ್ಲ. ಮಂಡಿ ನೋವಿದ್ದರೆ ಬಸ್ಸಿಗೆ ಬಾ. ಚಾಮರಾಜಪೇಟೆಗೆ ಮೈಸೂರು ರಸ್ತೆಯ ಬಸ್ ನಿಲ್ದಾಣ ಹತ್ತಿರ. ನಾನೇ ಬಂದು ಕೈಹಿಡಿದು ಇಳಿಸಿಕೊಳ್ಳುತ್ತೇನೆ.

ಕೋಕಿಲಾ


ಮೈಸೂರು
12 ಏಪ್ರಿಲ್ 2025

ಕೋಕಿಲಾ,

ನಿಜ ಹೇಳಬೇಕು. ನಿನ್ನ ಅತ್ತಿಗೆಯ ಕಣ್ಣು ಚೆನ್ನಾಗಿದೆ. ನನ್ನ ಮಂಡಿಯೂ.

ನೀನು ಹೋದಾಗ ಮೂರು ದಿನ ಹುಡುಕಿದೆ. ಲಾಲ್‌ಬಾಗ್, ಗವೀಪುರ, ಮೆಜೆಸ್ಟಿಕ್. ಪೊಲೀಸಿಗೆ ಹೋಗು ಎಂದು ಅಮ್ಮ ಅತ್ತರು. ಹೋಗಲಿಲ್ಲ. ಫೋಟೊ ಕೊಡಬೇಕು, ಪೇಪರಿನಲ್ಲಿ ಬರುತ್ತದೆ, ಬ್ಯಾಂಕಿನಲ್ಲಿ ಎಲ್ಲರೂ ಕೇಳುತ್ತಾರೆ ಎನಿಸಿತು. ಅವಳೇ ಬರುತ್ತಾಳೆ ಎಂದೆ. ಇವತ್ತು, ನಾಳೆ ಎನ್ನುತ್ತ ವರ್ಷ ಕಳೆಯಿತು.

ಅಮ್ಮ ಹೋದ ಮೇಲೆ ಮನೆ ಮಾರಲು ವಂಶವೃಕ್ಷ ಬೇಕಾಯಿತು. ಅಪ್ಪ ಅಮ್ಮನಿಗೆ ಎಷ್ಟು ಮಕ್ಕಳು, ಯಾರು ಇದ್ದಾರೆ, ಯಾರು ಇಲ್ಲ ಎಂದು ಪ್ರಮಾಣ ಮಾಡಿ ಕೊಡಬೇಕು. ನಿನ್ನ ಹೆಸರು ಬರೆದರೆ ನಿನ್ನ ಸಹಿ ಬೇಕು. ಕಾಣೆಯಾಗಿದ್ದಾಳೆ ಎಂದರೆ ಪೊಲೀಸ್ ಕಂಪ್ಲೇಂಟ್ ಎಲ್ಲಿ ಎನ್ನುತ್ತಾರೆ. ತೀರಿಕೊಂಡಿದ್ದಾಳೆ ಎಂದು ಬರೆಸಲು ನನಗೆ ಕೈ ಬರಲಿಲ್ಲ, ದೇವರಾಣೆ. ಹಾಗಾಗಿ ನಾನೊಬ್ಬನೇ ಮಗ, ಬೇರೆ ಮಕ್ಕಳಿಲ್ಲ ಎಂದು ಬರೆಸಿದೆ. ಆಗ ಅದೇ ಕಡಿಮೆ ಪಾಪ ಎನಿಸಿತ್ತು. ಕಚೇರಿಯವರು ವಿಚಾರಣೆಗೆ ಬಂದಾಗ ‘ಹೌದು, ಒಬ್ಬನೇ ಮಗ’ ಎಂದು ಸಾಕ್ಷಿ ಹಾಕಿದವರು ನಾಗಭೂಷಣ್. ನಾನೇ ಕಾಲು ಹಿಡಿದಿದ್ದೆ.

ಈಗ ನಿನ್ನ ಅಣ್ಣ ಎಂದು ಎಲ್ಲೇ ಸಹಿ ಹಾಕಿದರೂ ಆ ಪ್ರಮಾಣ ಸುಳ್ಳು ಎಂದು ನಾನೇ ಬರೆದುಕೊಟ್ಟಂತೆ. ಮನೆ ಕೊಂಡವರು ಸುಮ್ಮನಿರುವುದಿಲ್ಲ. ಆ ಅಪಾರ್ಟ್‌ಮೆಂಟಿನಲ್ಲಿ ಈಗ ಎಂಟು ಸಂಸಾರವಿದೆ. ವಕೀಲರನ್ನು ಕೇಳಿದೆ, ಜೈಲು ಎಂಬ ಮಾತನ್ನೂ ಆಡಿದರು.

ನನಗೆ ಅರವತ್ತೆರಡು. ಏನು ಮಾಡಲಿ ಹೇಳು.

ಬದರಿ


ಚಾಮರಾಜಪೇಟೆ
17 ಏಪ್ರಿಲ್ 2025

ಅಣ್ಣ,

ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ವಾಣಿ ಬಂದು ನನ್ನ ಮಾತ್ರೆ ಡಬ್ಬಿ ತೆಗೆದು ನೋಡಿದಳು. ಬೇರೆಯವರು ಸುಮ್ಮನೆ ಕೂತರೆ ಏನೋ ಯೋಚನೆ ಅನ್ನುತ್ತಾರೆ. ನಾವು ಕೂತರೆ ಮಾತ್ರೆ ತಪ್ಪಿಸಿದ್ದಾರೆ ಅನ್ನುತ್ತಾರೆ. ಅಂಗಡಿಗೂ ಹೋಗಲಿಲ್ಲ. ಒಂದು ಪತ್ರಿಕೆ ನಾನು ನೋಡದೆ ಅಚ್ಚಾಗಿ ವಧುವಿನ ಸೋದರಮಾವನ ಹೆಸರೇ ಬಿಟ್ಟುಹೋಗಿದೆಯಂತೆ. ಸತೀಶ್ ಕೂಗಾಡುತ್ತಿದ್ದಾರೆ.

ಸತ್ತಳೆಂದು ಬರೆಸಿದ್ದರೆ ವರ್ಷಕ್ಕೊಮ್ಮೆ ಎಳ್ಳುನೀರಾದರೂ ಬಿಡುತ್ತಿದ್ದೆ. ಇಷ್ಟೇ ಹೇಳುತ್ತೇನೆ, ಮುಂದೆ ಈ ಮಾತು ಎತ್ತುವುದಿಲ್ಲ.

ಏನು ಮಾಡಲಿ ಎಂದು ಕೇಳಿದ್ದೀಯ. ಯೋಚಿಸಿದ್ದೇನೆ. ದೊಡ್ಡಬೈರಪ್ಪನವರ ಕಾಗದ ನೋಡಿದೆ. ಹೆಸರು, ವಿಳಾಸ, ಅದರ ಕೆಳಗೆ ‘ಸಂಬಂಧ’. ಮನೆಯವರು ಯಾರೂ ಇಲ್ಲದಿದ್ದರೆ ಪೆನ್ಷನ್ ಬರುವ, ಸ್ವಂತ ಮನೆಯಿರುವ ಗೌರವಸ್ಥರು ಒಬ್ಬರು ಸಾಕೇ ಎಂದು ವಾಣಿಯ ಕೈಲಿ ಕೇಳಿಸಿದೆ. ತಲೆ ಕೆರೆದುಕೊಂಡು ಒಪ್ಪಿದ್ದಾರೆ. ನಮ್ಮ ಹಳೆಯ ಬೀದಿಯವರೊಬ್ಬರು ಬರುತ್ತಾರೆ ಎಂದು ಹೇಳಿದ್ದೇನೆ.

27ನೇ ತಾರೀಖು ಭಾನುವಾರ ಬಾ. ಸಂಬಂಧ ಎನ್ನುವ ಕಡೆ ‘ಪರಿಚಿತರು’ ಎಂದು ಬರೆ. ನಾನು ನಿನ್ನನ್ನು ಸಾರ್ ಎನ್ನುತ್ತೇನೆ. ಹತ್ತು ನಿಮಿಷದ ಕೆಲಸ. ನಿನ್ನ ಪ್ರಮಾಣಕ್ಕೂ ತೊಂದರೆಯಿಲ್ಲ, ನನಗೂ ಮನೆ ಉಳಿಯುತ್ತದೆ.

ಒಳಗೆ ಬಂದಾಗ ನನ್ನ ಮುಖವನ್ನು ಬಹಳ ಹೊತ್ತು ನೋಡಬೇಡ. ಹಲ್ಲು ಎರಡು ಹೋಗಿವೆ.

ಕೋಕಿಲಾ


ಮೈಸೂರು
3 ಮೇ 2025

ಪ್ರೀತಿಯ ಕೋಕಿ,

ಅಂತೂ ಎಲ್ಲ ಸುಸೂತ್ರವಾಯಿತು. ಆ ಭಾನುವಾರದಿಂದ ನಿದ್ದೆ ಚೆನ್ನಾಗಿ ಬರುತ್ತಿದೆ. ಮನೆ ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದೀರಿ! ಕಿಟಕಿಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ತಿಮ್ಮಕ್ಕ ಕೊಟ್ಟ ಕಾಫಿಯ ಬಗ್ಗೆ ನಿನ್ನ ಅತ್ತಿಗೆಗೆ ಹೇಳಿದೆ. ಬೆಲ್ಲದ ಕಾಫಿ ಕುಡಿದು ಎಷ್ಟು ವರ್ಷವಾಗಿತ್ತು.

ದೊಡ್ಡಬೈರಪ್ಪ ನಮ್ಮಿಬ್ಬರನ್ನೂ ಮಿಕಮಿಕ ನೋಡಿ ‘ಏನ್ ಸ್ವಾಮಿ, ಪರಿಚಯ ಅಂತೀರಿ, ಮೂಗ್ ನೋಡುದ್ರೆ ಒಂದೇ ಅಚ್ಚಲ್ ಹುಯ್ದಂಗೈತೆ’ ಅಂದಾಗ ನಾನು ತಲೆ ತಗ್ಗಿಸಿ ಕಾಗದ ನೋಡುತ್ತ ಕೂತೆ. ನೀನು ತಟ್ಟನೆ ‘ಬಸವನಗುಡೀಲಿ ಎಲ್ರಿಗೂ ಇದೇ ಮೂಗು ಸಾರ್’ ಅಂದುಬಿಟ್ಟೆ. ಎಲ್ಲರೂ ನಕ್ಕರು. ನಿನ್ನ ಬುದ್ಧಿ ಹಾಗೇ ಇದೆ. ಯಾರು ನಿನಗೆ ಕಾಯಿಲೆ ಎನ್ನಬೇಕು?

ವಾಣಿಯೂ ಒಳ್ಳೆಯ ಹುಡುಗಿ. ಹೊರಡುವಾಗ ಮೆಟ್ಟಿಲ ಹತ್ತಿರ ನಿಲ್ಲಿಸಿ ನಿನ್ನ ವಿಷಯ ಒಂದೆರಡು ಮಾತು ಕೇಳಿದಳು. ಅವಳಿಗೆ ಸಮಾಧಾನವಾಗುವಂತೆ ಹೇಳಿ ಬಂದೆ.

ಇನ್ನು ಯಾವ ಯೋಚನೆಯೂ ಇಲ್ಲ. ಆಗಾಗ ಬರೆಯುತ್ತಿರು.

ನಿನ್ನ ಪ್ರೀತಿಯ ಅಣ್ಣ
ಬದರಿ


ಚಾಮರಾಜಪೇಟೆ
23 ಜೂನ್ 2025

ಅಣ್ಣ,

ಅಕ್ಷರ ಹೀಗಿರುವುದಕ್ಕೆ ಕ್ಷಮಿಸು. ಕೈ ನಡುಗುತ್ತದೆ. ಈ ಕಾಗದ ಬರೆಯಲು ಮೂರು ದಿನ ತೆಗೆದುಕೊಂಡಿದ್ದೇನೆ. ಅಂಗಡಿಗೆ ಹೋಗುತ್ತಿಲ್ಲ, ಸಣ್ಣ ಅಕ್ಷರ ಕಣ್ಣಿಗೆ ನಿಲ್ಲುವುದಿಲ್ಲ.

ನಾನು ಒಂದು ತಪ್ಪು ಮಾಡಿದ್ದೆ. ನನ್ನ ಫೈಲಿನಲ್ಲಿ ಆಸ್ಪತ್ರೆಯ ಕಾಲದಿಂದಲೂ ‘ಅಣ್ಣ: ಬದರೀನಾರಾಯಣ’ ಎಂದಿದೆ. ನಾನೇ ಬರೆಸಿದ್ದು. ಪರಿಚಿತರಾಗಿ ಬಾ ಎಂದು ನಿನ್ನನ್ನು ಕರೆದಾಗ ಅದು ಹೊಳೆಯಲೇ ಇಲ್ಲ. ಅದೇ ಹೆಸರಿನವರು ಬಂದು ಪರಿಚಿತರು ಎಂದು ಬರೆದರೆ ವಾಣಿ ಕೇಳದೆ ಇರುತ್ತಾಳೆಯೇ? ಮೆಟ್ಟಿಲ ಹತ್ತಿರ ಕೇಳಿದ್ದು ಅದನ್ನೇ.

ನಮ್ಮ ಡಾಕ್ಟರು ಗುರುವಾರ ಬರುತ್ತಾರೆ. ಮೇ ಕೊನೆಯಲ್ಲಿ ಫೈಲು ತೆರೆದು ಕೇಳಿದರು, ‘ಬದರೀನಾರಾಯಣ ಅವರು ನಿಮಗೆ ಏನಾಗಬೇಕು ಕೋಕಿಲಾ?’

‘ನಮ್ಮ ಹಳೇ ಬೀದಿಯವರು.’

‘ಇಲ್ಲಿ ಅಣ್ಣ ಅಂತ ಬರೆಸಿದೀರಿ?’

ವಾಣಿಯೇ ಹೇಳಿದಳು. ಅವಳಿಗೆ ನನ್ನ ಮೇಲೆ ಅಕ್ಕರೆ, ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಳು. ‘ಅವ್ರೇ ಹೇಳಿದ್ರು ಡಾಕ್ಟ್ರೇ. ಪಾಪ, ಹುಷಾರು ತಪ್ಪಿದಾಗಿಂದ ನನ್ನೇ ಅಣ್ಣ ಅಂದ್ಕೊಂಡ್ಬಿಟ್ಟಿದಾಳೆ, ನಾವೂ ತಿದ್ದೋಕೆ ಹೋಗ್ಲಿಲ್ಲ ಅಂತ.’

ಪರಿಚಿತರು ಎಂದು ಬರೆಯಲು ನಾನು ಹೇಳಿದ್ದೆ. ಇದನ್ನು ನಾನು ಹೇಳಿರಲಿಲ್ಲ.

ಸುಮ್ಮನಿರಬೇಕಿತ್ತು. ಎದ್ದು ನಿಂತೆ. ‘ಅವನು ನನ್ನ ಅಣ್ಣ, ಒಡಹುಟ್ಟಿದ ಅಣ್ಣ, ನನಗೆ ಗೊತ್ತಿಲ್ವಾ?’ ಎಂದು ಕೂಗಿದೆ. ಮೇಜು ಗುದ್ದಿದೆನಂತೆ. ಡಾಕ್ಟರು ಮೆತ್ತಗೆ ‘ಸರಿ ಸರಿ, ಕೂತ್ಕೊಳ್ಳಿ’ ಅಂದರು. ಆ ಮೆತ್ತಗಿನ ದನಿ ನನಗೆ ಚೆನ್ನಾಗಿ ಗೊತ್ತು. ಆ ದನಿಯಲ್ಲಿ ಮಾತಾಡಿದ ಮೇಲೆ ನಾವು ಹೇಳಿದ್ದು ಯಾವುದೂ ಅವರ ಕಿವಿಗೆ ಬೀಳುವುದಿಲ್ಲ. ಮಾತ್ರೆ ಎರಡರಷ್ಟಾಯಿತು.

ಪ್ರತಿ ಗುರುವಾರವೂ ಅದೇ ಪ್ರಶ್ನೆ. ಬೀದಿಯವರು ಎಂದರೆ ಒಳಗೆ ಇನ್ನೂ ಆ ನಂಬಿಕೆ ಇದೆ, ಮುಚ್ಚಿಡುತ್ತಿದ್ದೀರಿ ಎನ್ನುತ್ತಾರೆ. ಅಣ್ಣ ಎಂದರೆ ಬರೆದುಕೊಳ್ಳುತ್ತಾರೆ. ಜುಲೈ ಮಧ್ಯದವರೆಗೂ ಹೀಗೇ ಇದ್ದರೆ ಊರಾಚೆಯ ಕೇಂದ್ರಕ್ಕೆ ಕಳಿಸುತ್ತಾರಂತೆ. ಅಲ್ಲಿ ಬೀಗ ಹೊರಗಿನಿಂದ. ಒಂದು ತಿಂಗಳಾದರೆ ಇಲ್ಲಿನ ನನ್ನ ಹಾಸಿಗೆ ಬೇರೆಯವರಿಗೆ.

ನಿನ್ನ ಕಾಗದಗಳೆಲ್ಲ ಹಾಸಿಗೆಯ ಕೆಳಗಿವೆ. ಏಪ್ರಿಲ್ 12ರದ್ದನ್ನು ತೋರಿಸಿದರೆ ಸಾಕು, ಐದು ನಿಮಿಷದಲ್ಲಿ ನನಗೆ ಬುದ್ಧಿ ನೆಟ್ಟಗಿದೆ ಎಂದು ಗೊತ್ತಾಗುತ್ತದೆ. ದಿನಾ ತೆಗೆಯುತ್ತೇನೆ. ತಿಮ್ಮಕ್ಕ ‘ಅದೇನೇ ಅದು, ಪ್ರೇಮಪತ್ರಾನಾ?’ ಅನ್ನುತ್ತಾಳೆ. ಮತ್ತೆ ಒಳಗಿಡುತ್ತೇನೆ.

ಒಂದು ಕೇಳುತ್ತೇನೆ. ಮೆಟ್ಟಿಲ ಹತ್ತಿರ ನಿಜವಾಗಿಯೂ ‘ಪಾಪ’ ಅಂದೆಯಾ?

ಕೋಕಿಲಾ


ಮೈಸೂರು
7 ಜುಲೈ 2025

ಕೋಕಿ,

ಅಂದೆ. ಅವಳು ತಟ್ಟನೆ ಕೇಳಿದಳು, ಬಾಯಿಗೆ ಬಂದದ್ದು ಅಂದುಬಿಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ಅದು ಅಂಥ ದೊಡ್ಡ ಮಾತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನಿನ್ನ ಅಕ್ಷರ ನೋಡಿ ನಿನ್ನ ಅತ್ತಿಗೆ ಅತ್ತಳು. ಅಮ್ಮನ ಕೊನೆಯ ದಿನಗಳ ಸಹಿಯ ಹಾಗಿದೆ ಎಂದಳು.

ಇಷ್ಟು ದಿನ ಯೋಚಿಸಿ ಬರೆಯುತ್ತಿದ್ದೇನೆ. 17ನೇ ತಾರೀಖು ಗುರುವಾರ ಬಂದು ಡಾಕ್ಟರ ಮುಂದೆ ನಾನೇ ಹೇಳುತ್ತೇನೆ. ಏನಾದರೂ ಆಗಲಿ. ನಾನು ಬದಲಾಯಿಸಿಬಿಟ್ಟರೆ ಎಂಬ ಹೆದರಿಕೆ ನನಗೇ ಇದೆ. ಅದಕ್ಕೆ, ಬಾ ಎಂದು ನೀನು ಒಂದು ಸಾಲು ಬರೆ. ನಿನ್ನ ಕೈಯಲ್ಲಿ ಬರೆದದ್ದು ಇದ್ದರೆ ಬಂದೇ ಬರುತ್ತೇನೆ.

ಬದರಿ


ಚಾಮರಾಜಪೇಟೆ
11 ಜುಲೈ 2025

ಶ್ರೀ ಬದರೀನಾರಾಯಣ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬುಧವಾರ ಸಂಜೆ ತಲುಪಿತು. ಮಾರನೇ ದಿನವೇ ಗುರುವಾರ.

ನೀವು ಬಂದು ಹೇಳಿದರೆ ದೊಡ್ಡಬೈರಪ್ಪನವರಿಗೆ ಕೊಟ್ಟ ಕಾಗದ ಸುಳ್ಳಾಗುತ್ತದೆ. ಮೋಸ ಹೋದೆ ಎಂದು ಗೊತ್ತಾದರೆ ಅವರು ಒಂದು ದಿನವೂ ತಡೆಯುವುದಿಲ್ಲ. ತಿಮ್ಮಕ್ಕನ ತಮ್ಮನ ಮಗ ಸಹಿ ಹಾಕುವವನೇ ಹೊರತು ಮನೆಗೆ ಕರೆದುಕೊಳ್ಳುವವನಲ್ಲ. ಉಳಿದ ಇಬ್ಬರ ಕಥೆಯೂ ಅಷ್ಟೇ. ಇನ್ನು ನಿಮ್ಮ ಎಂಟು ಸಂಸಾರ, ನಿಮ್ಮ ವಕೀಲರು. ಇಷ್ಟೆಲ್ಲ ಆದ ಮೇಲೂ ಡಾಕ್ಟರು ನಿಮ್ಮನ್ನು ನಂಬುತ್ತಾರೆಯೇ? ಇವಳ ಮೇಲಿನ ಕನಿಕರಕ್ಕೆ ಹೇಳುತ್ತಿದ್ದಾರೆ ಎಂದುಕೊಂಡರೆ ತಪ್ಪಿಲ್ಲ. ಏಪ್ರಿಲ್‌ನಲ್ಲಿ ನಿಮ್ಮನ್ನು ನೋಡಿದವರೆಲ್ಲ ನಿಮಗೆ ಬಹಳ ಕನಿಕರ ಎಂದೇ ಹೇಳುತ್ತಾರೆ.

ಹಾಗೆಂದು ನಿಮ್ಮನ್ನು ಉಳಿಸಲು ಮಾಡಿದೆ ಎಂದು ತಿಳಿಯಬೇಡಿ. ನಾನು ಇಲ್ಲೇ ಇರಬೇಕು.

ನಿನ್ನೆ ಡಾಕ್ಟರು ಕೇಳಿದರು. ‘ಕೋಕಿಲಾ, ಆವತ್ತು ಬಂದಿದ್ದೋರು ನಿಮಗೆ ಏನಾಗಬೇಕು?’

‘ಏನೂ ಆಗಬೇಕಿಲ್ಲ ಡಾಕ್ಟ್ರೇ.’

‘ನಿಮಗೆ ಅಣ್ಣ, ತಮ್ಮ ಯಾರಾದ್ರೂ?’

‘ಇಲ್ಲ. ಅಪ್ಪ ಅಮ್ಮಂಗೆ ನಾನೊಬ್ಬಳೇ.’

‘ಮತ್ತೆ ಮುಂಚೆ ಅಣ್ಣ ಅಣ್ಣ ಅಂತಿದ್ರಲ್ಲ?’

‘ಕಾಯಿಲೆ ಇತ್ತಲ್ಲ ಡಾಕ್ಟ್ರೇ. ಆಗ ಹಂಗೆ ಅನ್ನಿಸ್ತಿತ್ತು. ಈಗ ಅನ್ಸಲ್ಲ.’

ಈ ಕೊನೆಯ ಮಾತನ್ನು ನಾನು ರಾತ್ರಿಯೇ ಸಿದ್ಧ ಮಾಡಿಕೊಂಡಿದ್ದೆ. ಕಾಯಿಲೆ ಇತ್ತು ಎಂದು ತಾನೇ ಒಪ್ಪುವ ರೋಗಿಯನ್ನು ಕಂಡರೆ ಅವರಿಗೆ ಬಹಳ ಸಂತೋಷ. ಕನ್ನಡಕ ತೆಗೆದು ನಕ್ಕರು. ವಾಣಿ ನನ್ನ ಭುಜ ಒತ್ತಿದಳು, ಅವಳ ಕಣ್ಣು ತುಂಬಿತ್ತು. ಫೈಲಿನಲ್ಲಿ ನಿಮ್ಮ ಹೆಸರಿನ ಮೇಲೆ ಗೀಟು ಎಳೆದು, ಸುಧಾರಣೆ ಇದೆ ಎಂದು ಬರೆದರು. ಕೇಂದ್ರಕ್ಕೆ ಹೋಗುವುದು ರದ್ದಾಯಿತು. ಮಾತ್ರೆ ಮೊದಲಿನಷ್ಟೇ. ಕೈ ನಡುಕ ಎರಡು ವಾರದಲ್ಲಿ ಹೋಗುತ್ತದಂತೆ.

ತಿಮ್ಮಕ್ಕ ಅಡುಗೆಮನೆಯಲ್ಲಿ ಕಾದು ಕೂತಿದ್ದಳು. ‘ಏನಂದ್ರೇ ಡಾಕ್ಟ್ರು?’

‘ವಾಸಿಯಾಯ್ತಂತೆ.’

‘ಮತ್ಯಾಕೆ ಮಖ ಹಿಂಗೈತೆ? ಯಾರೋ ಸತ್ತೋರಂಗೆ?’

ಕುಕ್ಕರ್ ಕೂಗಿತು. ನಾನು ಎದ್ದು ಒಲೆ ಸಣ್ಣ ಮಾಡಿದೆ.

ನಿಮ್ಮ ಐದು ಕಾಗದಗಳನ್ನೂ ಈ ಕವರಿನಲ್ಲಿಟ್ಟಿದ್ದೇನೆ. ಹರಿಯಬೇಕೆಂದಿದ್ದರೆ ನೀವೇ ಹರಿಯಿರಿ. ಇದಕ್ಕೆ ಉತ್ತರ ಬರೆಯಬೇಡಿ. ಬಂದರೆ ಯಾರದು ಎಂದು ಕೇಳುತ್ತಾರೆ.

ಇಂತಿ,
ಕೋಕಿಲಾ